ಮೇಲ್ಮನೆಯ ಊರುಗೋಲಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಸತ್ತಿನ ಮೇಲ್ಮನೆಯ ಖಾಲಿ ಸಭಾಂಗಣದಲ್ಲಿ ಊರುಗೋಲಕ್ಕ ಕಣ್ಣು ಮುಚ್ಚಿಕೊಂಡು ಮೆಟ್ಟಿಲಿಳಿಯುತ್ತಿದ್ದಾಳೆ. ಬರಿಗಾಲು. ಹೆಬ್ಬೆರಳಿಗೆ ಕಾರ್ಪೆಟ್ಟಿನ ಎದ್ದ ಅಂಚೊಂದು ತಾಗುತ್ತದೆ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಅದಕ್ಕೆ ಅಂಟುಪಟ್ಟಿ ಹಚ್ಚುತ್ತಾಳೆ.

"ನನ್ ಕಣ್ಣಿಗೆ ಕಂಡ್ರೆ ಏನು ಬಂತು? ಅವರ ಕಾಲಿಗೆ ಸಿಗ್ಬಾರ್ದು."

ಅವರೆಂದರೆ ಜೀವಮಾನ ಸದಸ್ಯರು. ಚುನಾವಣೆಯಿಲ್ಲದೆ ನೇಮಕವಾಗಿ, ಉಸಿರಿರುವ ತನಕ ಕುರ್ಚಿ ಬಿಡದವರು. ಹೆಚ್ಚಿನವರಿಗೆ ಕಾಲು ಸೋತಿದೆ. ಅವರನ್ನು ಕಾರಿನಿಂದ ಆಸನಕ್ಕೆ, ಆಸನದಿಂದ ಶೌಚಾಲಯಕ್ಕೆ, ಗಂಟೆ ಬಾರಿಸಿದರೆ ಮತದ ಬಾಗಿಲಿಗೆ ಎಡತೋಳು ಕೊಟ್ಟು ನಡೆಸುವುದು ಅವಳ ಕೆಲಸ. ಕಲಾಪವಿದ್ದ ದಿನ ಮೂವತ್ತು ನಲವತ್ತು ಸಲ ಹತ್ತಿಳಿಯುತ್ತಾಳೆ. "ಬಲಗೈ ನಂದು. ಎಡಗೈ ಸರ್ಕಾರದ್ದು," ಎಂದು ನಗುತ್ತಾಳೆ. ಗಂಡ ತೀರಿಕೊಂಡ ವರ್ಷ ನಾಲ್ಕು ದಿನದ ಮಟ್ಟಿಗೆಂದು ಸೇರಿದವಳಿಗೆ ಇಲ್ಲೇ ಇಪ್ಪತ್ತು ವರ್ಷ ಕಳೆದಿದೆ. ಮಗಳು ಓದಿದ್ದೂ ಆ ಎಡಗೈಯ ದುಡಿಮೆಯಿಂದಲೇ.

ಅದೇ ಮಗಳು ಮೇಲ್ಮನೆ ಸುಧಾರಣೆಯಾಗಲಿ ಎಂದು ಫಲಕ ಹಿಡಿದು ಮೆರವಣಿಗೆಗೆ ಹೋದಳು. "ಯಾರೂ ಆರಿಸದವ್ರನ್ನ ಕೈಹಿಡ್ದು ಕುರ್ಚಿಗೆ ಕೂರಿಸ್ತೀಯಲ್ಲಮ್ಮ, ನಿಂಗೆ ಏನೂ ಅನ್ಸಲ್ವಾ?"

"ಬಿದ್ರೆ ಎತ್ತೋರು ಯಾರು ಅನ್ಸುತ್ತೆ ಕಣೇ," ಎಂದಳು ಊರುಗೋಲಕ್ಕ. ಆದರೆ ಮಗಳು ಹೇಳುವುದು ಸರಿಯೆಂದು ಒಳಗೊಳಗೇ ಗೊತ್ತಿತ್ತು.

ಕಳೆದ ಅಧಿವೇಶನದಲ್ಲಿ ಮಸೂದೆ ಬಂದೇ ಬಂತು. ಎಲ್ಲ ಕುರ್ಚಿಯೂ ಚುನಾವಣೆಗೆ, ಜೀವಮಾನ ಸದಸ್ಯತ್ವ ರದ್ದು. ಇಲ್ಲಿ ಮತ ಹಾಕುವಾಗ ಒಪ್ಪಿದವರು ಬಲಬಾಗಿಲಿಂದ, ಒಪ್ಪದವರು ಎಡಬಾಗಿಲಿಂದ ಹೊರನಡೆಯುತ್ತಾರೆ. ಗುಮಾಸ್ತ ಒಬ್ಬೊಬ್ಬರ ಭುಜ ಮುಟ್ಟಿ ಎಣಿಸುತ್ತಾನೆ. ಅಂದು ಅವಳ ತೋಳು ಹಿಡಿದವರು ಡಾಕ್ಟರಮ್ಮ, ದೃಷ್ಟಿ ಪೂರ್ತಿ ಹೋದ ಹಿರಿಯ ಸದಸ್ಯೆ.

"ಯಾವ ಕಡೆ ಅಮ್ಮ?"

"ಬಲಕ್ಕೆ ನಡಿ. ಕೂತಿದ್ದು ಸಾಕು." ಎರಡು ಹೆಜ್ಜೆಯಾದ ಮೇಲೆ ಡಾಕ್ಟರಮ್ಮ ನಿಂತರು. "ನಾವು ಹೋದ್ರೆ ನಿನ್ ಕೆಲ್ಸಾನೂ ಹೋಗುತ್ತಲ್ಲೇ?"

"ಮೆಟ್ಲಿದೆ, ನೋಡ್ಕೊಂಡು ಬನ್ನಿ."

"ನೋಡೋಕೆ ಕಣ್ಣೆಲ್ಲಿದೆ, ತಲೆಹರಟೆ!"

ಇಬ್ಬರೂ ನಗುತ್ತಲೇ ಬಲಬಾಗಿಲು ದಾಟಿದರು. ಮಸೂದೆ ಗೆದ್ದಿತು. ಈ ಅಧಿವೇಶನ ಮುಗಿದರೆ ಡಾಕ್ಟರಮ್ಮ ದೂರದೂರಿನ ತಮ್ಮನ ಮನೆಗೆ ಹೋಗುತ್ತಾರೆ. ಊರುಗೋಲಕ್ಕನ ಹುದ್ದೆಯೂ ಅಂದೇ ಮುಗಿಯುತ್ತದೆ.

"ನಿನ್ ಅನ್ನಕ್ಕೆ ನೀನೇ ಕಲ್ಲು ಹಾಕ್ಕೊಂಡ್ಯಲ್ಲಕ್ಕ," ಎಂದು ಬಾಗಿಲ ಕಾವಲಿನವನು ಈಗಲೂ ಕೆಣಕುತ್ತಾನೆ. "ಕಾಣದವ್ರಿಗೆ ಯಾವ ಬಾಗ್ಲಾದ್ರೇನು, ಎಡಕ್ಕೆ ತಿರುಗಿಸ್ಬಿಟ್ಟಿದ್ರೆ?"

"ನನ್ ತೋಳು ನಂಬಿದವ್ರನ್ನ ಬೇರೆ ಬಾಗ್ಲಿಗೆ ಬಿಡ್ಲಾ? ಹೋಗೋ ಅತ್ಲಾಗೆ."

ಅವಳ ಕೊರಗು ಕೆಲಸದ್ದಷ್ಟೇ ಅಲ್ಲ. ಮೇಲ್ಮನೆಯಲ್ಲಿ ಸಹಾಯಕರು ಕೂರುವಂತಿಲ್ಲ. ಇಷ್ಟು ವರ್ಷ ಜೊತೆಗೆ ನಡೆದರೂ ಡಾಕ್ಟರಮ್ಮನೂ ಅವಳೂ ಒಮ್ಮೆಯೂ ಪಕ್ಕಪಕ್ಕ ಕೂತು ಮಾತಾಡಿಲ್ಲ. ಇಬ್ಬರಿಗೂ ಸಿಕ್ಕಿದ್ದು ನಡೆಯುವಷ್ಟು ಹೊತ್ತಿನ ಮಾತು.

ಆ ಎರಡು ಬಾಗಿಲನ್ನು ಅವಳಷ್ಟು ಸಲ ದಾಟಿದವರು ಯಾರೂ ಇಲ್ಲ. ಪ್ರತಿ ಸಲವೂ ಗುಮಾಸ್ತನ ಕೈ ಅವಳನ್ನು ಬಿಟ್ಟು ಪಕ್ಕದವರ ಭುಜಕ್ಕೆ ಹೋಗುತ್ತದೆ.

"ಅದು ಸರೀನೇ, ನಾನು ಲೆಕ್ಕಕ್ಕಿಲ್ಲ," ಎನ್ನುತ್ತಾ ಚಪ್ಪಲಿ ಮೆಟ್ಟಿಕೊಳ್ಳುತ್ತಾಳೆ. ಹೊರಗೆ ಮೊದಲ ಕಾರು ನಿಂತ ಸದ್ದು. "ಆದ್ರೆ ಅವತ್ತು ಡಾಕ್ಟರಮ್ಮ ಇಲ್ದೆ ನಾನೊಬ್ಳೇ ಇದ್ದಿದ್ರೂ, ಆ ಬಲಗಡೆ ಬಾಗ್ಲಿಗೇ ಹೋಗ್ತಿದ್ದೆ."