ಭಾವನ ಕಿವಿಗೆ ತಂತಿಯಿಲ್ಲದ ಹೆಡ್‌ಫೋನು

ನಮ್ಮ ಅಕ್ಕ ಒಂದು ಬೆಳಿಗ್ಗೆ ಬಟ್ಟೆಯ ಬ್ಯಾಗು ಹಿಡಿದುಕೊಂಡು ಕಲ್ಯಾಣದುರ್ಗದಿಂದ ಹಿಂದೂಪುರದ ನಮ್ಮ ಮನೆಗೆ ಬಂದಿಳಿದಳು. ಮುನಿಸಿಕೊಂಡು ಬಂದೆನೆಂದು ಹೇಳಲಿಲ್ಲ. "ಕಿವಿಗೆ ಒಂದಷ್ಟು ರೆಸ್ಟ್ ಕೊಡಾನ ಅಂತ ಬಂದೆ ಕಣ್ಲಾ," ಅಂದಳು. ಬ್ಯಾಗಿನ ಗಾತ್ರ ನೋಡಿದರೆ ಆ ರೆಸ್ಟು ಸಂಕ್ರಾಂತಿ ದಾಟುವ ಹಾಗೆ ಕಾಣುತ್ತಿತ್ತು.

ಎರಡು ಸಾವಿರದ ಆರೋ ಏಳೋ ಇರಬೇಕು. ಕಾರಣ ನಮ್ಮ ಭಾವ, ಅಂದರೆ ಅಕ್ಕನ ಗಂಡ. ಅವರು ದುಡಿಯುವ ವಯಸ್ಸನ್ನೆಲ್ಲ ಬಸ್ಸು ಓಡಿಸುತ್ತ ಕಳೆದವರು. ಆ ಕಾಲದ ಬಸ್ಸುಗಳಲ್ಲಿ ಇಂಜಿನ್ನು ಡ್ರೈವರಿನ ಎಡಮಗ್ಗುಲಲ್ಲೇ ಕೂತು ಗುಡುಗುತ್ತಿತ್ತು. ಅದು ಭಾವನ ಎಡಗಿವಿಯನ್ನು ಪೂರ್ತಿಯಾಗಿಯೂ ಬಲಗಿವಿಯನ್ನು ಅರ್ಧದಷ್ಟೂ ತನ್ನ ವಶಕ್ಕೆ ತೆಗೆದುಕೊಂಡಿತ್ತು. ನಿವೃತ್ತರಾದ ಮೇಲೆ ಅವರ ಲೋಕವೆಲ್ಲ ಟೀವಿಯೊಳಗೆ ಬಂದು ಸೇರಿತು. ಸೌಂಡಿನ ಹಸಿರು ಗೆರೆಗಳು ಪರದೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಮುಟ್ಟಿದ ಮೇಲೂ ಅವರು ರಿಮೋಟನ್ನು ಒತ್ತುತ್ತಲೇ ಇರುತ್ತಿದ್ದರು. ತೆಲುಗು ವಾರ್ತೆ ಓದುವ ಹುಡುಗಿ ಅವರ ಬೀದಿಯ ಎರಡೂ ತುದಿಗೆ ವಾರ್ತೆ ಓದುತ್ತಿದ್ದಳು. ಅಕ್ಕನಿಗೆ ತಲೆನೋವು ಬಂತು, ತಲೆನೋವಿನ ಹಿಂದೆ ಜಗಳ ಬಂತು, ಜಗಳದ ಹಿಂದೆ ಅಕ್ಕ ನಮ್ಮ ಮನೆಗೆ ಬಂದಳು.

ನಮ್ಮದು ಎರಡು ಕೋಣೆಯ ಮನೆ. ಮಾರನೆಯ ದಿನವೇ ಅಲ್ಲಿ ಆಡಳಿತ ಬದಲಾಯಿತು. ತೊಳೆದಿಟ್ಟ ಪಾತ್ರೆಗಳನ್ನು ಅಕ್ಕ ಮತ್ತೊಮ್ಮೆ ತೊಳೆದು ತೋರಿಸಿದಳು. ಸಾಸಿವೆ ಡಬ್ಬಿಗೂ ಅರಿಶಿನದ ಡಬ್ಬಿಗೂ ವರ್ಗಾವಣೆಯಾಯಿತು. ನನ್ನ ಕಾಫಿಯ ಸಕ್ಕರೆಗೆ ಕತ್ತರಿ ಬಿತ್ತು. ನನ್ನಾಕೆ ಮೊದಮೊದಲು ನಕ್ಕಳು, ಆಮೇಲೆ ನಗುವುದನ್ನು ಬಿಟ್ಟಳು, ಆಮೇಲೆ ನನ್ನೊಡನೆ ಮಾತನ್ನೂ ಬಿಟ್ಟಳು. ಅಕ್ಕ ಬಂದದ್ದಕ್ಕೆ ನಾನೇ ಹೊಣೆ ಎಂದು ಆಕೆಯ ತೀರ್ಮಾನ.

ಅಕ್ಕನಿಗೂ ಇಲ್ಲಿ ಸುಖವಿರಲಿಲ್ಲ. ಸಂಜೆಯಾದರೆ ನನ್ನ ಮೊಬೈಲಿನ ಕಡೆ ಒಂದು ಕಣ್ಣು. "ಫೋನೇನಾರ ಬಂದಿತ್ತೇನ್ಲಾ?"

"ಇಲ್ಲ ಅಕ್ಕ."

"ಬರ್ದೇ ಇದ್ರೆ ಬ್ಯಾಡ ಬುಡು. ಹೋಟ್ಲು ಚಿತ್ರಾನ್ನ ತಿಂದ್ಕಂಡು ಹೊಟ್ಟೆ ಕೆಡಿಸ್ಕಂಡಿರ್ತಾರೆ. ನಂಗೇನು."

"ಅಷ್ಟೊಂದು ಯೋಚನೆ ಇದ್ರೆ ಹೋಗಿ ನೋಡ್ಕೊಂಡು ಬಾರಕ್ಕ."

"ಆ ಟೀವಿ ಬಾಯಿ ಮುಚ್ಚೋಗಂಟ ನಾನು ಆ ಹೊಸ್ಲು ತುಳಿಯಾಕಿಲ್ಲ. ಹೇಳ್ಬುಟ್ಟು ಬಂದಿವ್ನಿ."

ಹೇಳಿಬಿಟ್ಟು ಬಂದದ್ದೇ ತೊಡಕು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಹಾಗಾಗಿ ಟೀವಿಯ ಬಾಯನ್ನು ಮುಚ್ಚಿಸುವ ಕೆಲಸ ನನ್ನ ತಲೆಗೆ ಬಿತ್ತು.

ಹಿಂದೂಪುರದ ಬಜಾರಿನಲ್ಲಿ ಟೇಪ್‌ರೆಕಾರ್ಡರು, ಸ್ಪೀಕರು ಮಾರುವ ಅಂಗಡಿಯೊಂದಿತ್ತು. ಅದರ ಯಜಮಾನರು ನನ್ನ ಕಷ್ಟವನ್ನು ಕೇಳಿ, ಬೆಂಗಳೂರಿನಿಂದ ತರಿಸಿದ್ದೆಂದು ಒಂದು ಡಬ್ಬವನ್ನು ಕೆಳಗಿಳಿಸಿದರು. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು ಒಂದು, ಅದು ಕೂರುವುದಕ್ಕೆ ಸಣ್ಣ ಪೀಠ ಒಂದು. ಪೀಠದಿಂದ ಟೀವಿಗೆ ತಂತಿ. ಪೀಠದಿಂದ ಕಿವಿಗೆ ಬರೀ ಗಾಳಿ. "ಒಕ ವೈರು ಪೆಟ್ಟಂಡಿ ಸಾರ್, ಅಂತೇ," ಅಂದರು. ಒಂದು ವೈರು ಸಿಕ್ಕಿಸಿ, ಅಷ್ಟೇ. ಈ "ಅಷ್ಟೇ" ಅನ್ನುವ ಮಾತನ್ನು ನಂಬಿ ಕೆಟ್ಟವರ ಸಂಖ್ಯೆ ದೊಡ್ಡದಿರಬೇಕು.

ಜೊತೆಗಿದ್ದ ಪುಸ್ತಿಕೆ ಲೋಕದ ಭಾಷೆಗಳಲ್ಲೆಲ್ಲ ಇತ್ತು, ಕನ್ನಡ ತೆಲುಗು ಬಿಟ್ಟು. ಇಂಗ್ಲಿಷಿನ ಪುಟಗಳನ್ನು ನಾನು ಪಾರಾಯಣ ಮಾಡಿದೆ. ಮೊದಲ ಸಲ ಪೂರ್ತಿ ಒಂದು ದಿನ ಚಾರ್ಜು ಮಾಡಬೇಕು. ಪೀಠವನ್ನು ಕಬ್ಬಿಣದ ಬೀರುವಿನ ಹತ್ತಿರ ಇಡಕೂಡದು. ಪೀಠದ ಅಡಿಯಲ್ಲಿ ಚಾನಲ್ಲಿನ ಗುಂಡಿ ಇದೆ; ಅದು ಯಾವ ಚಾನಲ್ಲಿನಲ್ಲಿದೆಯೋ ಹೆಡ್‌ಫೋನಿನ ತಿರುಗಣೆಯನ್ನೂ ನಿಧಾನವಾಗಿ ತಿರುಗಿಸಿ ಅಲ್ಲಿಗೇ ತರಬೇಕು; ಎರಡೂ ಕೂಡಿದಾಗ ಹಸಿರು ದೀಪ ಹತ್ತುತ್ತದೆ. ಹೆಡ್‌ಫೋನಿಗೆ ಆನ್ ಆಫ್ ಸ್ವಿಚ್ಚೇ ಇಲ್ಲ. ಮೇಲಿನ ಪಟ್ಟಿಯನ್ನು ಅಗಲಿಸಿ ತಲೆಗೆ ಹಾಕಿಕೊಂಡರೆ ತಾನೇ ಆನ್ ಆಗುತ್ತದೆ, ತೆಗೆದರೆ ಪಟ್ಟಿ ಮುದುಡಿಕೊಂಡು ತಾನೇ ಆಫ್ ಆಗುತ್ತದೆ. ಎಂಥ ಬುದ್ಧಿವಂತಿಕೆ ಎಂದು ನಾನು ಆಗ ಮೆಚ್ಚಿಕೊಂಡೆ. ಮನೆಯಲ್ಲೇ ಒಂದು ದಿನ ಚಾರ್ಜು ಮಾಡಿ, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದೆ.

ಭಾವ ಬನಿಯನ್ನಿನಲ್ಲಿ ಟೀವಿಯ ಎದುರು ಕೂತಿದ್ದರು. ನನ್ನನ್ನು ನೋಡಿ, ನನ್ನ ಹಿಂದೆ ಬಾಗಿಲ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. "ಏನಪ್ಪಾ, ಒಬ್ನೇ ಬಂದ್ಬುಟ್ಟೆ," ಅಂದರು.

ನಾನು ಕೆಲಸಕ್ಕೆ ಕೂತೆ. ಟೀವಿಯನ್ನೇ ಬೀರುವಿನಿಂದ ದೂರಕ್ಕೆ ಎಳೆದೆ. ತಂತಿಯನ್ನು ಟೀವಿಯ ಮುಂದಿನ ತೂತಿಗೆ ಸಿಕ್ಕಿಸಿದ ಕ್ಷಣವೇ ಮನೆ ಸ್ತಬ್ಧವಾಯಿತು. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನ ಗಂಟೆ ಕೇಳಿತು. ಹೆಡ್‌ಫೋನನ್ನು ಭಾವನ ತಲೆಗೆ ತೊಡಿಸಿ, ಪುರೋಹಿತರು ಬಾಸಿಂಗ ಸರಿಮಾಡುವ ಹಾಗೆ ಅತ್ತಿತ್ತ ಸರಿಮಾಡಿ, ತಿರುಗಣೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿದೆ. ಹಸಿರು ದೀಪ ಹತ್ತಿತು. ಭಾವನ ಮುಖ ಅರಳಿತು.

"ಪಕ್ಕದಾಗೇ ಕೂತು ಹೇಳ್ದಂಗದೆ," ಅಂದರು. ಅಂದದ್ದು ಬೀದಿಗೆಲ್ಲ ಕೇಳುವ ಹಾಗೆ.

ಎಡಬಲದ ಸೌಂಡನ್ನು ಹಂಚುವ ಇನ್ನೊಂದು ತಿರುಗಣೆಯೂ ಅದಕ್ಕಿತ್ತು. ಅದನ್ನು ಪೂರ್ತಿ ಬಲಕ್ಕೆ ತಿರುಗಿಸಿದರೆ ಕೇಳುವ ಕಿವಿಗೆ ಅನುಕೂಲ ಎಂದು ನನ್ನ ವಾದ. ಭಾವ ಒಪ್ಪಲಿಲ್ಲ. "ಬಲಗಿವಿ ಹೆಂಗೋ ನಡೆಸ್ಕಂತದೆ ಬುಡಪ್ಪ. ಎಡದ್ದಕ್ಕೆ ಜಾಸ್ತಿ ಕೊಡು, ಪಾಪ," ಅಂದು ಎಡಕ್ಕೆ ತಿರುಗಿಸಿದರು. ಏನೂ ಕೇಳಿಸಲಿಲ್ಲ. ನಾನು ಬಲಕ್ಕೆ ತಿರುಗಿಸಿದೆ. ಹೋಟ್ಲಿನಿಂದ ಕಾಫಿ ಬರುವಷ್ಟರಲ್ಲಿ ಮತ್ತೆ ಎಡಕ್ಕೆ ಹೋಗಿತ್ತು. ಕೊನೆಗೆ ನಡುಮಧ್ಯಕ್ಕೆ ರಾಜಿಯಾಯಿತು.

ಚಾರ್ಜು, ಪೀಠ, ತಾನೇ ಆನ್ ಆಗುವ ಪಟ್ಟಿ, ಎಲ್ಲವನ್ನೂ ಗಂಟಲು ಹರಿಯುವಂತೆ ವಿವರಿಸಿದೆ. ಭಾವ ಪ್ರತಿಯೊಂದಕ್ಕೂ ಗಂಭೀರವಾಗಿ ತಲೆಯಾಡಿಸಿದರು. ಕಿವಿ ಕೇಳದವರು ಆಡಿಸುವ ತಲೆಗೆ ಒಪ್ಪಿಗೆ ಎಂಬ ಅರ್ಥವಿಲ್ಲ, ಮಾತು ಮುಗಿಸು ಎಂಬ ಅರ್ಥವಷ್ಟೇ ಇದೆ ಎಂಬುದು ನನಗೆ ಗೊತ್ತಿರಬೇಕಿತ್ತು.

ಹಿಂದೂಪುರಕ್ಕೆ ಬಂದು ಅಕ್ಕನಿಗೆ ಜಯಭೇರಿ ಬಾರಿಸಿದೆ. "ನೋಡಾನ ಬುಡು," ಅಂದಳು. ಆದರೆ ಒಣಹಾಕಿದ್ದ ಸೀರೆಗಳನ್ನು ಮಡಿಸಿ ಬ್ಯಾಗಿನ ಹತ್ತಿರ ಇಟ್ಟುಕೊಂಡಳು.

ಬೆಳಿಗ್ಗೆ ಫೋನು ಬಂತು. ಭಾವನ ಫೋನೆಂದರೆ ರೇಡಿಯೋ ಇದ್ದ ಹಾಗೆ. ಅವರು ಹೇಳುತ್ತಾರೆ, ನಾವು ಕೇಳಬೇಕು. "ಹಲೋ. ಪೋಯಿಂದಪ್ಪಾ, ಹೋಯ್ತು. ಉಸಿರೇ ಇಲ್ಲ," ಅಂದವರೇ ಇಟ್ಟುಬಿಟ್ಟರು. ಅಕ್ಕ ಸೀರೆಗಳನ್ನು ಮತ್ತೆ ಗೂಟಕ್ಕೆ ಹಾಕಿದಳು.

ಎರಡನೆಯ ಸಲ ಹೋದಾಗ ಪರಿಶೀಲನೆ ನಡೆಸಿದೆ. ಭಾವ ಕೈಗೆ ಕೊಟ್ಟ ಹೆಡ್‌ಫೋನಿನ ಬ್ಯಾಟರಿ ಪೂರ್ತಿ ಇಳಿದಿತ್ತು. ತಪ್ಪು ಕರೆಂಟಿನದೆಂದು ನಿರ್ಧರಿಸಿ ಪೀಠಕ್ಕೆ ಬೇರೆ ಪ್ಲಗ್ಗು ಕೊಟ್ಟು, ಮಧ್ಯಾಹ್ನದವರೆಗೆ ಚಾರ್ಜು ಮಾಡಿದೆ. ಆಮೇಲೆ ತಪ್ಪು ಟ್ಯೂಬ್‌ಲೈಟಿನದೆಂದು ನಿರ್ಧರಿಸಿ ಅದನ್ನು ಆರಿಸಿ, ಭಾವನನ್ನು ಕತ್ತಲಲ್ಲಿ ಕೂರಿಸಿದೆ. ಚಾನಲ್ ಬದಲಿಸಿ, ತಿರುಗಣೆ ತಿರುಗಿಸಿ, ಮತ್ತೆ ಜೋಡಿ ಕೂಡಿಸಿದೆ. ಒಂದು ಚಾನಲ್ಲಿನಲ್ಲಿ ಸೊರ್ರೆಂದಿತು, ಇನ್ನೊಂದರಲ್ಲಿ ಕೊರ್ರೆಂದಿತು, ಮೂರನೆಯದರಲ್ಲಿ ಚೊಕ್ಕವಾಗಿ ಬಂತು. ಟೀವಿಯ ಸೌಂಡು ಹೆಚ್ಚಿಟ್ಟು ಕಿವಿಯ ಸೌಂಡು ಕಡಿಮೆ ಇಟ್ಟರೆ ಸೊರಸೊರ ಇರುವುದಿಲ್ಲವೆಂಬ ಸೂಕ್ಷ್ಮವನ್ನೂ ಕಂಡುಹಿಡಿದೆ. ಭಾವ ಎಲ್ಲಕ್ಕೂ ತಲೆಯಾಡಿಸಿದರು. ಹೊರಡುವಾಗ, "ನಿಮ್ಮಕ್ಕ ಮೊಣಕಾಲಿಗೆ ಎಣ್ಣೆ ಹಚ್ಕಂತಾಳಾ?" ಅಂತ ಕೇಳಿದರು. ಹೌದೆಂದು ನಾನು ತಲೆಯಾಡಿಸಿದೆ.

ಮಾರನೆಯ ಬೆಳಿಗ್ಗೆ ಮತ್ತೆ "ಪೋಯಿಂದಪ್ಪಾ."

ಅಂಗಡಿಯ ಯಜಮಾನರಿಗೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅವರು ಬೇಸರಪಡದೆ, "ರಾತ್ರಿ ಚಾರ್ಜಿಂಗ್ ಪೆಡ್ತುನ್ನಾರಾ ಸಾರ್?" ಎಂದು ಕೇಳಿದರು, ರಾತ್ರಿ ಚಾರ್ಜಿಗೆ ಇಡುತ್ತಿದ್ದಾರಾ ಅಂತ. ಈ ಪ್ರಶ್ನೆಯನ್ನು ನಾನು ಭಾವನಿಗೆ ದಾಟಿಸುವುದು ಹೇಗೆ? ಫೋನಿನಲ್ಲಿ ಕೂಗಿದೆ, ನನ್ನ ಬೀದಿಗೆಲ್ಲ ಕೇಳಿತು. "ರಾತ್ರಿಯೆಲ್ಲ ಪೀಠದ ಮೇಲಿಡಿ ಭಾವ. ಪೀಠದ ಮೇಲೆ." ಅತ್ತ ಕಡೆಯಿಂದ, "ಸರೇ, ಸರೇ. ಇವತ್ತೊಂದಿನ ಇಡ್ತೀನಿ." ಒಂದು ದಿನ ಯಾಕೆಂದು ಕೇಳುವಷ್ಟರಲ್ಲಿ ಇಟ್ಟುಬಿಟ್ಟಿದ್ದರು.

ಅಕ್ಕ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ನಿನ್ ಕೈಲಿ ಆಗಾಕಿಲ್ಲ. ಬೆಳಿಗ್ಗೆ ನಾನೂ ಬತ್ತೀನಿ ನಡಿ. ಇರಾಕಲ್ಲ, ನೋಡ್ಕಂಡು ಬರಾಕೆ," ಅಂದಳು. ಬ್ಯಾಗನ್ನು ಮಾತ್ರ ತೆಗೆದುಕೊಂಡಳು. ಯಾಕೆಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ನನ್ನಾಕೆ ಬಸ್‌ಸ್ಟ್ಯಾಂಡಿನವರೆಗೂ ಬಂದು ಕೈ ಬೀಸಿದಳು.

ನಾವು ಹೋದಾಗ ಬಾಗಿಲು ಮುಂದಕ್ಕೆ ಹಾಕಿತ್ತು, ಭಾವ ಹಾಲು ತರಲು ಹೋಗಿದ್ದರು. ಟೀವಿ ಓಡುತ್ತಿತ್ತು, ಸೌಂಡಿಲ್ಲದೆ. ವಾರ್ತೆಯ ಹುಡುಗಿ ಬರೀ ತುಟಿ ಆಡಿಸುತ್ತಿದ್ದಳು. ಆದರೆ ಮನೆಯೊಳಗೆ ಎಲ್ಲೋ ಒಂದು ಹೆಣ್ಣುದನಿ ಗುಂಯ್‌ಗುಡುತ್ತಿತ್ತು, ಬಾವಿಯೊಳಗೆ ಕೂತು ಮಾತಾಡಿದ ಹಾಗೆ. "ಯಾವ್ಳ್ಲಾ ಅದು ಒಳಗೆ?" ಎಂದು ಅಕ್ಕ ಸೆರಗು ಸಿಕ್ಕಿಸಿಕೊಂಡು ದನಿಯ ಬೆನ್ನು ಹತ್ತಿದಳು. ನಾನು ಹಿಂದೆ ಹೋದೆ.

ನಡುಮನೆಯ ಗೋಡೆಯ ಹಲಗೆಯ ಮೇಲೆ ಒಂದು ತಾಮ್ರದ ಬಿಂದಿಗೆಯನ್ನು ಬೋರಲು ಹಾಕಿತ್ತು. ಅದರ ಮೇಲೆ, ಎರಡು ಕಿವಿಗಳನ್ನೂ ಚೆನ್ನಾಗಿ ಅಗಲಿಸಿ, ಹೆಡ್‌ಫೋನನ್ನು ತೊಡಿಸಿತ್ತು. ಹಸಿರು ದೀಪ ಉರಿಯುತ್ತಿತ್ತು. ಬಿಂದಿಗೆ ಶ್ರದ್ಧೆಯಿಂದ ವಾರ್ತೆ ಕೇಳುತ್ತಿತ್ತು.

ಅಕ್ಕ ಅದನ್ನು ನೋಡಿದ ಕೂಡಲೇ ಹಲಗೆ ಹಿಡಿದುಕೊಂಡು ಕೂತುಬಿಟ್ಟಳು. ನಗುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. "ನಮ್ಮ ಮಾವನ ರುಮಾಲು ಕಣ್ಲಾ," ಅಂದಳು. ಭಾವನ ತಂದೆ ಸೆಟ್ಟೂರು ಕಡೆಯ ಹಳ್ಳಿಯಲ್ಲಿ ದೊಡ್ಡ ಕುಳ. ಅವರ ರುಮಾಲನ್ನು ಒಂದು ಸಲ ಸುತ್ತಿದರೆ ವಾರಗಟ್ಟಲೆ ಬಿಚ್ಚುತ್ತಿರಲಿಲ್ಲ. ಮನೆಗೆ ಬಂದರೆ ಬೋರಲು ಬಿಂದಿಗೆಯ ಮೇಲೆ ಕೂರಿಸಿಡುತ್ತಿದ್ದರು, ಆಕಾರ ಕೆಡದಿರಲೆಂದು. ಆ ಮನೆಯಲ್ಲಿ ತಲೆಗೆ ಇಡುವ ಬೆಲೆಬಾಳುವ ವಸ್ತುವಿಗೆ ಸ್ಥಾನ ಅದೊಂದೇ. ಅಗಲಿಸಿಟ್ಟರೆ ಆನ್ ಆಗುವ ಯಂತ್ರ ರಾತ್ರಿಯಿಡೀ ಬಿಂದಿಗೆಯ ಸೇವೆ ಮಾಡಿ, ಬೆಳಗಿನ ಹೊತ್ತಿಗೆ ಪ್ರಾಣ ಬಿಡುತ್ತಿತ್ತು. ಹಿಂದಿನ ರಾತ್ರಿಯೊಂದು ನನ್ನ ಕೂಗಿಗೆ ಮಣಿದು ಪೀಠದ ಮೇಲಿಟ್ಟಿದ್ದರಿಂದ ಈಗ ಉಸಿರಿತ್ತು. ಅದನ್ನು ತಯಾರಿಸಿದ ದೇಶದಲ್ಲಿ ಬಿಂದಿಗೆ ಇಲ್ಲವೆಂದು ಕಾಣುತ್ತದೆ. ಪುಸ್ತಿಕೆಯಲ್ಲಿ ಎಚ್ಚರಿಕೆ ಕೊಟ್ಟಿರಲಿಲ್ಲ.

ಭಾವ ಹಾಲಿನ ಪ್ಯಾಕೆಟ್ಟು ಹಿಡಿದು ಬಂದರು. ಅಕ್ಕನನ್ನು ನೋಡಿ ಬಾಗಿಲಲ್ಲೇ ನಿಂತರು. ನಾನು ಹೆಡ್‌ಫೋನು ತೋರಿಸಿ, ಬಿಂದಿಗೆ ತೋರಿಸಿ, ಬಲಗಿವಿಯಲ್ಲಿ ಕೂಗಿದೆ.

"ಅದ್ಕೆ ಪೀಠ ಕೊಟ್ಟಿಲ್ವಾ ಭಾವ?"

"ಆ ಪೀಠದಾಗೆ ಮುದುಡ್ಕಂಡು ಕೂತ್ಕಂತದಪ್ಪಾ. ಆಕಾರ ಕೆಟ್ರೆ? ನೀನು ಅಷ್ಟು ದೂರದಿಂದ ತಂದಿದ್ದು, ಜ್ವಾಪಾನ ಮಾಡ್ಬೇಕಲ್ಲ."

ಜೋಪಾನ ಮಾಡಿದವರನ್ನು ಬೈಯುವುದು ಹೇಗೆ? ನಾನು ಬಿಂದಿಗೆಯನ್ನು ಅಡುಗೆಮನೆಗೆ ಒಯ್ದು ನೆಟ್ಟಗೆ ನಿಲ್ಲಿಸಿ ನೀರು ತುಂಬಿದೆ. ಹೆಡ್‌ಫೋನನ್ನು ಭಾವನಿಗೆ ಹಾಕಿದೆ. ಮನೆ ನಿಶ್ಶಬ್ದವಾಯಿತು. ಟೀವಿಯ ಬಾಯಿ ಮುಚ್ಚಿತ್ತು, ಅಕ್ಕನ ಷರತ್ತು ಪೂರೈಸಿತ್ತು. ನಾನು ಚಪ್ಪಲಿಗೆ ಕಾಲು ಹಾಕುತ್ತಿದ್ದೆ.

"ಇರ್ಲಾ," ಅಂದಳು ಅಕ್ಕ. ಅವಳು ಗಂಡನ ಪಕ್ಕ ಕೂತು ಪರದೆಯನ್ನೇ ನೋಡುತ್ತಿದ್ದಳು. ವಾರ್ತೆ ಮುಗಿದು ಧಾರಾವಾಹಿ ಶುರುವಾಗಿತ್ತು. "ಇದ್ಯಾಕೆ ಹಿಂಗಾತು? ಆ ಅತ್ತೆ ಅಳ್ತಾವ್ಳೆ, ಯಾಕೆ ಅಂತ ಗೊತ್ತಾಗ್ಬ್ಯಾಡ್ವಾ? ಇವ್ರೊಬ್ರೇ ಕೇಳ್ಕಂಡು ಮುಸಿಮುಸಿ ನಗ್ತಾವ್ರೆ. ಹಿಂಗಾದ್ರೆ ನಾನು ಇಲ್ಲಿ ಕೂತು ಏನು ನೋಡ್ಲಿ? ನಿಮ್ಮನೇಗೇ ಬತ್ತೀನಿ ನಡಿ."

ಬ್ಯಾಗು ಇನ್ನೂ ಬಾಗಿಲ ಹತ್ತಿರವೇ ಇತ್ತು.

ಚಪ್ಪಲಿ ಬಿಟ್ಟು ಟೀವಿಯ ಹಿಂದಕ್ಕೆ ತೂರಿದೆ. ಜೇಡರ ಬಲೆಯ ನಡುವೆ ಹಳದಿ ಬಿಳಿ ಕೆಂಪು ತೂತುಗಳಿದ್ದವು. ತಂತಿಯನ್ನು ಮುಂದಿನ ತೂತಿನಿಂದ ಕಿತ್ತು, ತುದಿಗೆ ಡಬ್ಬದಲ್ಲಿದ್ದ ಕವಲು ಪಿನ್ನು ಸಿಕ್ಕಿಸಿ, ಬಿಳಿ ಕೆಂಪಿಗೆ ಒತ್ತಿದೆ. ಹಾಗೆ ಮಾಡಿದರೆ ಟೀವಿಯೂ ಮಾತಾಡುತ್ತದೆ, ಹೆಡ್‌ಫೋನೂ ಮಾತಾಡುತ್ತದೆ. ಟೀವಿಯ ಸೌಂಡನ್ನು ಅಕ್ಕನ ಅಳತೆಗೆ ಇಳಿಸಿದೆ, ಹೆಡ್‌ಫೋನಿನದನ್ನು ಭಾವನ ಅಳತೆಗೆ ಏರಿಸಿದೆ. ಇದೇ ಕೆಲಸವನ್ನು ಮೊದಲ ದಿನವೇ ಮಾಡಬಹುದಿತ್ತೆಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅತ್ತೆ ಅಳುವುದಕ್ಕೆ ಕಾರಣ ತಿಳಿಯಿತು. "ಅವ್ಳು ಸುಳ್ಳು ಹೇಳ್ತಾವ್ಳೆ," ಎಂದು ಭಾವ, ಕಿವಿ ಮುಚ್ಚಿಕೊಂಡವರ ದನಿಯಲ್ಲಿ, ಬೀದಿಗೆಲ್ಲ ಸಾರಿದರು.

"ನಿಮ್ಗೇನು ಗೊತ್ತು, ಸುಮ್ಕೆ ನೋಡ್ರಿ," ಎಂದು ಅಕ್ಕ, ಅವರಿಗೆ ಕೇಳಲೆಂದು ಅದಕ್ಕಿಂತ ಜೋರಾಗಿ ಕೂಗಿದಳು.

"ಏನಂದೆ?"

"ಸುಳ್ಳಲ್ಲ ಅಂದೆ."

ಗದ್ದಲ ಅಳೆದರೆ ಮೊದಲಿಗಿಂತ ಒಂದು ಗುಲಗಂಜಿಯಷ್ಟೂ ಕಡಿಮೆ ಇರಲಿಲ್ಲ. ಆದರೆ ಅಕ್ಕ ಕೂಗುತ್ತಲೇ ಕಾಲು ಚಾಚಿ, ಬ್ಯಾಗನ್ನು ಎಳೆದುಕೊಂಡು, ಅದರೊಳಗಿಂದ ಮೊಣಕಾಲಿನ ಎಣ್ಣೆಯ ಸೀಸೆ ತೆಗೆದು ಕಿಟಕಿಯ ಮೇಲಿಟ್ಟಳು. ನಾನು ಹಿಂದೂಪುರದ ಬಸ್ಸಿಗೆ ಕಾಯಲಿಲ್ಲ. ಬೀದಿಯ ಕೊನೆಯಲ್ಲಿ, ನಮ್ಮೂರ ದಾರಿಯಲ್ಲೇ ಸ್ವಲ್ಪ ದೂರದಲ್ಲಿರುವ ಕಂಬದೂರಿಗೆ ಹೋಗುವ ಆಟೋ ನಿಂತಿತ್ತು. ಯಾರಾದರೂ ಕರೆಯುವ ಮೊದಲೇ ಹತ್ತಿ ಕೂತೆ. ಮುಂದಿನದು ಅಲ್ಲಿ ಹೋಗಿ ನೋಡಿಕೊಂಡರಾಯಿತು.