ನಾಲಗೆಯಿಂದ ಓದಿದವರ ಬಳಿಗೆ ಮೂವತ್ತಾರು ವರ್ಷ: ಹನಾವಾ ಚಿಸಾಕೊ ಅವರಿಗೆ ಎಂಬತ್ತು

ಕಣ್ಣು ಕಳೆದುಕೊಂಡವರಿಗೆ ಪುಸ್ತಕ ಓದಿ ಹೇಳುವವರೂ ಅವರ ಕೈಹಿಡಿದು ರಸ್ತೆ ದಾಟಿಸುವವರೂ ಜಪಾನಿನ ನಮ್ಮ ಸೆತೊ ಒಳಗಡಲಿನ ಊರುಗಳಲ್ಲಿ ಎಂದೂ ಕಡಿಮೆಯಾಗಿರಲಿಲ್ಲ. ಆದರೆ ಕಣ್ಣಿನ ಜೊತೆಗೆ ಬೆರಳಿನ ಸ್ಪರ್ಶವನ್ನೂ ಕಳೆದುಕೊಂಡವರಿಗಾಗಿ ಬ್ರೈಲ್ ಪುಟಗಳನ್ನು ಸಿದ್ಧಪಡಿಸಿದವರು ಯಾರು ಎಂದು ಕೇಳಿದರೆ ಈ ಕರಾವಳಿಯಲ್ಲಿ ಮೊದಲು ಬಾಯಿಗೆ ಬರುವ ಹೆಸರು ಶ್ರೀಮತಿ ಹನಾವಾ ಚಿಸಾಕೊ ಅವರದು. ಅವರ ಎಂಬತ್ತನೆಯ ಹುಟ್ಟುಹಬ್ಬದಂದು, ಕಣ್ಣಿಲ್ಲದವರಿಗೆ ಓದಿಹೇಳುವ ನಮ್ಮ ಓದುಗಾರರ ಬಳಗದಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅವರ ಸೇವೆಯನ್ನು ನೆನೆಯುವುದು ನಮ್ಮೆಲ್ಲರ ಕರ್ತವ್ಯವಾಗಿದೆ.

ಚಿಸಾಕೊ ಅವರು ಅಂಚೆ ಕಚೇರಿಯ ಕಿಟಕಿಯಲ್ಲಿ ಕುಳಿತು ಅಂಚೆಚೀಟಿ ಮಾರುತ್ತಿದ್ದವರು. ಎದುರಿನ ದ್ವೀಪದ ಕುಷ್ಠರೋಗಿಗಳ ಆಶ್ರಮದಿಂದ ಬಂದ ಕಾಗದಗಳನ್ನು ಸಹೋದ್ಯೋಗಿಯೊಬ್ಬರು ಚಿಮಟದಲ್ಲಿ ಎತ್ತುವುದನ್ನು ಅವರು ವರ್ಷಗಟ್ಟಲೆ ನೋಡಿದ್ದರು, ನೋಡಿ ಸುಮ್ಮನಿದ್ದರು. ಆ ಸುಮ್ಮನಿದ್ದುದರ ನಾಚಿಕೆಯೇ ತಮ್ಮನ್ನು ದೋಣಿ ಹತ್ತಿಸಿತೆಂದು ಅವರು ಹೇಳುತ್ತಿದ್ದರು. ಬ್ರೈಲ್ ಕಲಿತು, ೧೯೮೩ರ ವಸಂತದಲ್ಲಿ, ತಮ್ಮ ವಾರದ ರಜೆಯಾದ ಗುರುವಾರ, ಒಂದು ಕಟ್ಟು ಹಾಳೆ ಹಿಡಿದು ಅವರು ಮೊದಲ ಸಲ ದ್ವೀಪದಲ್ಲಿ ಇಳಿದರು.

ಅಲ್ಲಿ ಅವರನ್ನು ಎದುರುಗೊಂಡವರು ಹಾರುಯಾಮಾ ಎಂಬ ಅರವತ್ತರ ಹಿರಿಯರು. ರೋಗ ವಾಸಿಯಾಗಿ ದಶಕಗಳಾಗಿದ್ದರೂ ಅದು ಕಣ್ಣುಗಳನ್ನೂ ಬೆರಳುಗಳ ಅರಿವನ್ನೂ ಕೊಂಡೊಯ್ದಿತ್ತು. ಅವರು ಹಾಳೆಯನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದು, ತಲೆ ಬಗ್ಗಿಸಿ, ಚುಕ್ಕಿಗಳ ಮೇಲೆ ನಾಲಗೆ ಆಡಿಸತೊಡಗಿದರು. ಅರ್ಧ ಪುಟವಾಗುವಷ್ಟರಲ್ಲಿ ಕಾಗದದ ಮೇಲೆ ರಕ್ತ ಮೂಡಿತು. ಚಿಸಾಕೊ ಅವರ ಉಸಿರು ನಿಂತದ್ದು ಆ ಹಿರಿಯರಿಗೆ ಕೇಳಿಸಿರಬೇಕು.

"ಹೆದರ್ಕೋಬೇಡಿ ಪೋಸ್ಟಮ್ಮ, ನಿಮ್ಮ ಅಕ್ಷರ ಸ್ವಲ್ಪ ಖಾರ, ಅಷ್ಟೇ" ಎಂದರು.

ಅಂದಿನಿಂದ ದ್ವೀಪದಲ್ಲಿ ಅವರ ಹೆಸರು ಪೋಸ್ಟಮ್ಮ ಎಂದೇ ನಿಂತಿತು. ಮನೆಗೆ ಮರಳಿದ ಚಿಸಾಕೊ ಅವರು ದಪ್ಪ ಹಾಳೆ, ಮೊಂಡು ಮೊನೆಯ ಕಡ್ಡಿ ಎಂದು ನಾನಾ ಬಗೆ ಪ್ರಯತ್ನಿಸಿ, ಚುಚ್ಚಿದ ಪ್ರತಿಯೊಂದು ಪುಟವನ್ನೂ ಮೊದಲು ತಮ್ಮ ನಾಲಗೆಯಿಂದಲೇ ಪರೀಕ್ಷಿಸುವ ರೂಢಿ ಇಟ್ಟುಕೊಂಡರು. "ಇಷ್ಟು ವರ್ಷ ಸ್ಟಾಂಪು ನೆಕ್ಕಿದ್ದು ಸಾಲಲಿಲ್ವೇನೇ?" ಎಂದು ಯಜಮಾನರು ಛೇಡಿಸುತ್ತಿದ್ದರಂತೆ. ಕವಿತೆ, ಪತ್ರಿಕೆ, ಬೇಸ್‌ಬಾಲ್ ಪಂದ್ಯಗಳ ಫಲಿತಾಂಶ, ಹವಾಮಾನ ವರದಿ, ಹೀಗೆ ಅವರು ಸಿದ್ಧಪಡಿಸದ ಬರಹವಿಲ್ಲ. ನಾಲಗೆಯಲ್ಲಿ ಓದುವವರು ಆಗ ಹನ್ನೊಂದು ಮಂದಿ ಇದ್ದರು. ಇಷ್ಟನ್ನು ಬರೆದು ನಿಲ್ಲಿಸಿದ್ದರೆ ಈ ಅಭಿನಂದನ ಗ್ರಂಥಕ್ಕೆ ಸಾಕಾಗುತ್ತಿತ್ತು.

೧೯೯೬ರಲ್ಲಿ ರೋಗಿಗಳನ್ನು ದೂರವಿರಿಸುವ ಹಳೆಯ ಕಾನೂನು ರದ್ದಾಯಿತು. ಹಾರುಯಾಮಾ ಎಂಬುದು ಅವರು ಹದಿನೇಳನೆಯ ವಯಸ್ಸಿನಲ್ಲಿ ದ್ವೀಪಕ್ಕೆ ಬಂದಾಗ, ಮನೆಯವರ ಮಾನ ಉಳಿಯಲೆಂದು ಇಟ್ಟುಕೊಂಡ ಸುಳ್ಳು ಹೆಸರು. ಮರುವರ್ಷ ಒಂದು ಗುರುವಾರ ಅವರು ಚಿಸಾಕೊ ಅವರ ಕಿವಿಯಲ್ಲಿ ತಮ್ಮ ನಿಜವಾದ ಹೆಸರನ್ನೂ ತಂಗಿ ತೊಮಿಎಯ ಊರನ್ನೂ ಹೇಳಿ, ತಾವು ಸತ್ತ ಮೇಲೆ ಬೂದಿಯನ್ನು ಅಪ್ಪ ಅಮ್ಮನ ಸಮಾಧಿಯಲ್ಲಿ ಇಡಬಹುದೇ ಎಂದು ಕೇಳಿಬರುವಂತೆ ಬೇಡಿಕೊಂಡರು.

ಚಿಸಾಕೊ ಅವರು ಎರಡು ಬಸ್ಸು ಬದಲಿಸಿ, ತೊಮಿಎ ಉಳಿಸಿಕೊಂಡಿದ್ದ ತವರಿನ ಕಿತ್ತಳೆ ತೋಟದ ಮನೆಗೆ ಹೋದರು. ತೊಮಿಎ ಏಪ್ರನ್ನಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಬಂದವರು, ಅಣ್ಣನ ಹೆಸರು ಕೇಳಿದೊಡನೆ ಬೆನ್ನ ಹಿಂದಿನ ಬಾಗಿಲನ್ನು ಎಳೆದುಕೊಂಡರು.

"ಮೆಲ್ಲಗೆ ಮಾತಾಡಿ ಅಮ್ಮ, ಸೊಸೆ ಒಳಗಿದಾಳೆ. ಅಣ್ಣ ಯುದ್ಧದಲ್ಲಿ ಸತ್ತ ಅಂತ್ಲೇ ಹೇಳ್ಕೊಂಡು ಬಂದಿದೀವಿ. ಅಷ್ಟು ಹೇಳಿದ್ಮೇಲೇ ನನ್ನ ಮದುವೆ ಆಗಿದ್ದು. ಈಗ ಯಾವ ಬಾಯಲ್ಲಿ ಬದುಕಿದಾನೆ ಅನ್ಲಿ?"

ಬೂದಿಯ ಮಾತಿಗೆ ಅವರು ಆಗದೆಂದು ತಲೆಯಾಡಿಸಿದರು. ಆಮೇಲೆ ಕೊಟ್ಟಿಗೆಗೆ ಓಡಿಹೋಗಿ ಒಂದು ಚೀಲ ಕಿತ್ತಳೆ ತಂದು ಕೈಗೆ ತುರುಕಿದರು. "ಅವನಿಗೆ ಕೊಡಿ. ನಾನು ಕೊಟ್ಟೆ ಅಂತ ಮಾತ್ರ ಹೇಳ್ಬೇಡಿ."

ಮುಂದಿನ ಗುರುವಾರ ಆ ಹಣ್ಣನ್ನು ಸುಲಿದು ಹಾರುಯಾಮಾ ಅವರ ಬಾಯಿಗಿಟ್ಟಾಗ ಅವರು ಅಗಿಯುವುದನ್ನು ನಿಲ್ಲಿಸಿ, ಇದು ನಮ್ಮ ತೋಟದ್ದೇ ಎಂದರು. ಅಳು ಬಂದು ಅವರ ಮುಖ ಬದಲಾದುದನ್ನು ಕಂಡ ಚಿಸಾಕೊ ಅವರ ಬಾಯಿಂದ ಮಾತೊಂದು ಹೊರಬಿತ್ತು: ಕೊಯ್ಲು ಮುಗಿಸಿಕೊಂಡು ಏಪ್ರಿಲ್‌ನಲ್ಲಿ ತಂಗಿ ತಾನೇ ಬರುತ್ತಾಳಂತೆ.

ಆ ಏಪ್ರಿಲ್‌ನಲ್ಲಿ ಹಾರುಯಾಮಾ ದಾದಿಯಿಂದ ಗಡ್ಡ ಹೆರೆಸಿಕೊಂಡು, ಬಿಳಿ ಅಂಗಿ ತೊಟ್ಟು, ದಿನವೂ ಬೆಳಗಿನ ದೋಣಿಯ ಹೊತ್ತಿಗೆ ಕಟ್ಟೆಯ ಬೆಂಚಿನಲ್ಲಿ ಕುಳಿತರು. ಗುರುವಾರ ಚಿಸಾಕೊ ಅವರ ಹೆಜ್ಜೆಯ ಸದ್ದಿಗೆ ತಲೆಯೆತ್ತಿ, "ಒಬ್ಬರೇ ಬಂದ್ರಾ ಪೋಸ್ಟಮ್ಮ?" ಎಂದರು. ಈ ವರ್ಷ ಬೆಳೆ ತಡವಾಯಿತಂತೆ ಎಂದು ಚಿಸಾಕೊ ಹೇಳಿದರು. ಮರುವರ್ಷ ತಂಗಿಗೆ ಸೊಂಟನೋವು ಎಂದರು. ನಾಲ್ಕು ಏಪ್ರಿಲ್ ಅವರು ಹಾಗೆಯೇ ಕುಳಿತರು, ಒಂದು ಸಲವೂ ದೂರಲಿಲ್ಲ. ಐದನೆಯದಕ್ಕೆ ಎರಡು ತಿಂಗಳಿರುವಾಗ ನ್ಯುಮೋನಿಯಾದಿಂದ ತೀರಿಕೊಂಡರು. ಅವರ ಬೂದಿ ದ್ವೀಪದ ಅಸ್ಥಿಮಂದಿರದಲ್ಲಿದೆ, ಸುಳ್ಳು ಹೆಸರಿನಲ್ಲಿ.

ಗ್ರಂಥದ ಪ್ರಸ್ತಾಪ ಹಿಡಿದು ನಾವು ಹೋದಾಗ ಚಿಸಾಕೊ ಅವರು ಬಹಳ ಹೊತ್ತು ಒಪ್ಪಲಿಲ್ಲ. ಕೊನೆಗೆ, "ಆ ಸುಳ್ಳನ್ನೂ ಬರೀತೀರಾದ್ರೆ ಮಾಡಿ" ಎಂದರು. ಆ ಮಾತೇ ಹಾರುಯಾಮಾ ಅವರನ್ನು ನಾಲ್ಕು ವರ್ಷ ಬದುಕಿಸಿತಲ್ಲವೇ ಎಂದು ನಾವು ಸಮಾಧಾನ ಹೇಳಹೊರಟೆವು.

"ಬದುಕಿಸಲಿಲ್ಲ. ಕಾಯಿಸಿದೆ" ಎಂದರು.

ಹಾರುಯಾಮಾ ತೀರಿಕೊಂಡ ಮೇಲೂ ಚಿಸಾಕೊ ಅವರು ಹದಿನೆಂಟು ವರ್ಷ ದ್ವೀಪಕ್ಕೆ ಹೋದರು. ಹನ್ನೊಂದು ಮಂದಿ ಓದುಗರಲ್ಲಿ ಈಗ ಉಳಿದವರು ತೊಂಬತ್ತಮೂರು ತುಂಬಿದ ಒಕುಮಾ ನುಯಿ ಒಬ್ಬರೇ. ನಾಲಗೆಯ ಶಕ್ತಿಯೂ ಹೋದದ್ದರಿಂದ ಅವರು ಓದಿಸಿ ಕೇಳಿಸಿಕೊಳ್ಳುತ್ತಾರಷ್ಟೆ. ದೋಣಿಯ ಹಲಗೆ ಹತ್ತಲು ಮಂಡಿ ಬಗ್ಗದೆ ಚಿಸಾಕೊ ಅವರು ನಿವೃತ್ತಿಯ ಮಾತು ತಿಳಿಸಿದ ದಿನ ನುಯಿ ಅವರು ಕೇಳಿದ್ದು ಇಷ್ಟು: "ಇನ್ಮೇಲೆ ಇವತ್ತು ಗುರುವಾರ ಅಂತ ನಂಗೆ ಹೇಗೆ ಗೊತ್ತಾಗತ್ತೆ?"

ಚಿಸಾಕೊ ಅವರಿಗೆ ಆಯುಸ್ಸೂ ಆರೋಗ್ಯವೂ ದೊರೆಯಲಿ, ಅವರ ನೋಯುವ ಮಂಡಿಗಳಿಗೆ ವಿಶ್ರಾಂತಿ ಸಿಗಲಿ, ಅವರು ಹಿಡಿದ ಕೆಲಸ ಅವರ ಕಣ್ಣೆದುರಿಗೇ ಮತ್ತೊಬ್ಬರ ಕೈಯಲ್ಲಿ ಮುಂದುವರಿಯಲಿ ಎಂದು ಬಳಗದ ಪರವಾಗಿ ಹೃತ್ಪೂರ್ವಕವಾಗಿ ಹಾರೈಸುತ್ತೇವೆ. ದ್ವೀಪಕ್ಕೆ ಹೋಗಲು ಬಯಸುವವರು ಹೆಸರು ನೀಡಬೇಕೆಂದು ಗ್ರಂಥಾಲಯದ ಬಾಗಿಲಲ್ಲಿ ಹಾಳೆ ಅಂಟಿಸಿ ಏಳು ತಿಂಗಳಾಯಿತು. ಈ ಲೇಖನ ಅಚ್ಚಿಗೆ ಹೋಗುವ ಇಂದಿನವರೆಗೆ ಆ ಹಾಳೆಯಲ್ಲಿ ಯಾರೂ ಬರೆದಿಲ್ಲ.