ದುಗ್ಗಮ್ಮನ ಬಾಟಲಿ

ಮಂಡೆಕೋಲಿನ ದುಗ್ಗಮ್ಮ ಎಂಬತ್ತೊಂದನೆಯ ಇಸವಿಯಲ್ಲಿ ಸೊಸೆಯ ಮೂತ್ರವನ್ನು ಬಾಟಲಿಗೆ ತುಂಬಿಸಿ, ಬಾಳೆಲೆ ಸುತ್ತಿ, ತಿಂಗಳಿಗೊಮ್ಮೆ ಪುತ್ತೂರಿಗೆ ಒಯ್ಯುತ್ತಿದ್ದರು. ಸೊಸೆ ಕಮಲಾವತಿಗೆ ನಾಚಿಕೆ. ದುಗ್ಗಮ್ಮನಿಗೆ ಆ ಅಭ್ಯಾಸವಿರಲಿಲ್ಲ.

ಜಾಲ್ಸೂರಿನಲ್ಲಿ ಬಸ್ಸು ಹತ್ತುವಾಗ ಕಂಡಕ್ಟರ್ ಅಬ್ದುಲ್ಲ ಕೇಳಿದ್ದುಂಟು: "ಎಂತ ದುಗ್ಗಮ್ಮ, ಜೇನಾ? ನಮಗೂ ಸ್ವಲ್ಪ ಕೊಡಿ ಮಾರಾಯ್ರೆ."

"ಇದು ಡಾಕ್ಟ್ರಿಗೆ ಮಾತ್ರ ಆಗುದು."

ಬಸಿರಿನ ಗುಟ್ಟನ್ನು ಬಸ್ಸಿನಲ್ಲಿ ಬಿಚ್ಚುವವರಲ್ಲ ಅವರು. ಕಮಲಾವತಿಯ ಮೊದಲ ಬಸಿರಿನಲ್ಲಿ ಮಗುವಿರಲಿಲ್ಲ, ದ್ರಾಕ್ಷಿ ಗೊಂಚಲಿನಂಥ ಗುಳ್ಳೆಗಳಿದ್ದವು. ಅವನ್ನು ತೆಗೆದ ಪುತ್ತೂರಿನ ಡಾಕ್ಟ್ರಮ್ಮ ಎಚ್ಚರಿಸಿದ್ದರು: ಚೂರು ಉಳಿದು ಬೆಳೆದರೆ ಕ್ಯಾನ್ಸರ್. ಬಸುರಿಯ ಮೂತ್ರದಲ್ಲಿ ಬರುವ ವಸ್ತುವೇ ಆಗಲೂ ಬರುತ್ತದೆ. ಆದ್ದರಿಂದ ತಿಂಗಳು ತಿಂಗಳು ಬಸಿರಿನ ಪರೀಕ್ಷೆ ಮಾಡಿಸಬೇಕು, 'ಇಲ್ಲ' ಎಂದೇ ಬರಬೇಕು. ನಿಜವಾದ ಬಸಿರು ನಡುವೆ ಬಂದರೆ ಗೊಂದಲ. ಹಾಗಾಗಿ ಒಂದು ವರ್ಷ ಗಂಡ ದೂರ.

ದುಗ್ಗಮ್ಮ ಮಗ ಬೆಳ್ಯಪ್ಪನ ಚಾಪೆಯನ್ನು ಚಾವಡಿಗೆ ಎಸೆದು, ತಾವು ಬಾಗಿಲಿಗೆ ಅಡ್ಡ ಮಲಗಿದರು. ಕುಟುಂಬ ಯೋಜನೆಯ ಕೆಂಪು ತ್ರಿಕೋನ ಸರಕಾರದ ಗೋಡೆಯಲ್ಲಿತ್ತು. ಈ ಮನೆಯಲ್ಲಿ ಅದು ಗೊರಕೆ ಹೊಡೆಯುತ್ತಿತ್ತು.

ಎರಡು ಸಲ 'ಇಲ್ಲ' ಬಂತು. ಮೂರನೆಯ ಸಲ ಡಾಕ್ಟ್ರಮ್ಮ ಊರಲ್ಲಿರಲಿಲ್ಲ. ಪರೀಕ್ಷೆ ಮಾಡಿದವನು "ಉಂಟು" ಎಂದ. ಮೊಮ್ಮಗುವಿಗೆ ಕಾದಿದ್ದ ಕಿವಿಗೆ ಅಷ್ಟೇ ಸಾಕಾಯಿತು. ಮನೆ ತಲುಪುವ ಮೊದಲೇ ನೆರೆಯ ಅಮ್ಮುವಿಗೆ ಬಸುರಿಗೆ ಬಡಿಸುವ ಬಯಕೆ ಊಟದ ಹೇಳಿಕೆಯೂ ಆಯಿತು.

ಕಮಲಾವತಿ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಅತ್ತೆ, ಇವರನ್ನು ಚಾವಡಿಯಲ್ಲಿ ಮಲಗಿಸಿದ್ದು ಯಾರು?"

ದುಗ್ಗಮ್ಮ ಬಾಗಿಲ ಬಳಿ ಸುತ್ತಿಟ್ಟ ತಮ್ಮ ಚಾಪೆಯನ್ನು ನೋಡಿದರು.

"ನಾನು ಬಾಗಿಲು ಬಿಟ್ಟದ್ದೇ ಇಲ್ಲ," ಎಂದರು. ಮತ್ತೆ ಚೀಲ ಕೈಗೆತ್ತಿಕೊಂಡು, "ಸೀರೆ ಬದಲಿಸು. ಹೋಗುವ," ಎಂದರು.

ಮಂಗಳೂರಿನ ಆಸ್ಪತ್ರೆಯಲ್ಲಿ ಸೂಜಿಯ ಮೇಲೆ ಸೂಜಿ. ಆ ಮದ್ದಿಗೆ ಬಾಯಿಯೆಲ್ಲ ಹುಣ್ಣಾಗಿ ಕಮಲಾವತಿಗೆ ತಣ್ಣನೆಯ ಗಂಜಿ ಮಾತ್ರ ಇಳಿಯುತ್ತಿತ್ತು. ರೋಗ ಇನ್ನೂ ಶ್ವಾಸಕೋಶಕ್ಕೆ ಹರಡಿರಲಿಲ್ಲ, ಬೇಗ ಸಿಕ್ಕಿತು ಎಂದರು ಅಲ್ಲಿಯ ವೈದ್ಯರು. ಊರಿಗೆ ಮರಳಿದ ಮೇಲೆ ಬಾಟಲಿ ಮತ್ತೆ ಬಸ್ಸು ಹತ್ತಿತು. ಒಂದರ ಹಿಂದೆ ಒಂದು 'ಇಲ್ಲ' ಬಂದು, ಕೊನೆಗೆ ಡಾಕ್ಟ್ರಮ್ಮ "ಇನ್ನು ಬಾಟ್ಲಿ ಬೇಡ" ಎಂದರು.

ಆ ವಾರವೇ ದುಗ್ಗಮ್ಮ ಸೊಸೆಗೆ ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ಬಯಕೆಯ ಸಿಹಿಗಳನ್ನೆಲ್ಲ ಎಲೆಗೆ ಬಡಿಸಿದರು. ಊಟಕ್ಕೆ ಬಂದ ಅಮ್ಮು ಕಮಲಾವತಿಯ ಹೊಟ್ಟೆ ನೋಡಿ ಮೆಲ್ಲ ಕೇಳಿದಳು:

"ಎಷ್ಟು ತಿಂಗಳು ದುಗ್ಗಕ್ಕ?"

"ಎಂತದೂ ಇಲ್ಲ," ಎಂದರು ದುಗ್ಗಮ್ಮ. "ಅದಕ್ಕೇ ಊಟ. ಪಾಯಸ ಹಾಕಿಕೊ."